ಯುವಿ ಫ್ಲಾಟ್‌ಬೆಡ್ ಪ್ರಿಂಟಿಂಗ್: ಶೀಟ್ ಒರೆಸುವುದರಿಂದ ಡೆಲಿವರಿವರೆಗೆ ಸಮಗ್ರ ಮಾರ್ಗದರ್ಶಿ

ಯುವಿ ಫ್ಲಾಟ್‌ಬೆಡ್ ಮಷೀನ್ ಎಂದರೆ ಚಪ್ಪಟೆ ಬೆಡ್ ಮೇಲೆ ಇಟ್ಟ ವಸ್ತುವಿಗೆ ಇಂಕ್ ಚಿಮ್ಮಿಸಿ, ಅದನ್ನು ಅತಿನೇರಳೆ (ಯುವಿ) ಬೆಳಕಿನಿಂದ ಗಟ್ಟಿ ಮಾಡುವ ಪ್ರಿಂಟರ್. ಅದರ ಮುಂದೆ ಮೊದಲ ಸಲ ನಿಂತವರಿಗೆಲ್ಲ ಒಂದೇ ಅಚ್ಚರಿ. ಗಾಜು, ಮರ, ಅಕ್ರಿಲಿಕ್, ಲೋಹ, ಏನನ್ನು ಬೆಡ್ ಮೇಲೆ ಇಟ್ಟರೂ ಬಣ್ಣ ಬಂದುಬಿಡುತ್ತದೆ. ಹೊರಗೆ ತೆಗೆದ ಕೂಡಲೇ ಮುಟ್ಟಿ ನೋಡಿದರೆ ಕೈಗೆ ಅಂಟುವುದಿಲ್ಲ. ಇನ್ನೇನು ಬೇಕು ಅನ್ನಿಸುತ್ತದೆ.

ಆದರೆ ಬಣ್ಣ ಬರುವುದು ಬೇರೆ, ಬಣ್ಣ ಹಿಡಿಯುವುದು ಬೇರೆ. ನಾನು ಈ ಕೆಲಸಕ್ಕೆ ಹೊಸಬನಾಗಿದ್ದಾಗ ಪಾಲಿಪ್ರೊಪಿಲೀನ್ ಶೀಟ್‌ಗಳ ಒಂದು ದೊಡ್ಡ ಜಾಬ್ ಬಂದಿತ್ತು. ಪ್ರಿಂಟ್ ನೋಡಲು ತುಂಬಾ ಚೆನ್ನಾಗಿತ್ತು. ಎರಡು ದಿನದ ನಂತರ ಗ್ರಾಹಕರು ಉಗುರಿನಲ್ಲಿ ಕೆರೆದರು. ಬಣ್ಣ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬಂತು. ಮಷೀನಿನ ತಪ್ಪಿರಲಿಲ್ಲ, ಇಂಕಿನ ತಪ್ಪೂ ಇರಲಿಲ್ಲ. ಪ್ರಿಂಟ್ ಬಟನ್ ಒತ್ತುವ ಮೊದಲು ನಾವು ಶೀಟನ್ನು ಪರೀಕ್ಷೆ ಮಾಡಿರಲಿಲ್ಲ, ಅಷ್ಟೇ.

ಅವತ್ತಿನಿಂದ ನನ್ನ ಕ್ರಮ ಬದಲಾಯಿತು. ಮೊದಲು ಮೇಲ್ಮೈ, ಆಮೇಲೆ ಬಣ್ಣ. ಈ ಮಾರ್ಗದರ್ಶಿಯಲ್ಲೂ ಹಾಗೇ ಹೋಗೋಣ.

ಇಂಕ್ ಒಣಗುವುದಿಲ್ಲ, ಗಟ್ಟಿಯಾಗುತ್ತದೆ

ನೀರಿನ ಇಂಕಿನಲ್ಲಿ ನೀರು ಆರಬೇಕು. ಸಾಲ್ವೆಂಟ್ ಇಂಕಿನಲ್ಲಿ ಸಾಲ್ವೆಂಟ್ ಗಾಳಿಗೆ ಹೋಗಬೇಕು. ಯುವಿ ಇಂಕಿನಲ್ಲಿ ಹಾಗೆ ಆರಿ ಹೋಗುವಂಥದ್ದು ಹೆಚ್ಚೇನೂ ಇಲ್ಲ. ಅದರಲ್ಲಿ ಮಾನೋಮರ್, ಆಲಿಗೋಮರ್ ಎಂಬ ರಾಳದ ಅಂಶಗಳು, ಬಣ್ಣದ ಪುಡಿ, ಜೊತೆಗೆ ಫೋಟೋ ಇನಿಶಿಯೇಟರ್ ಎಂಬ ರಾಸಾಯನಿಕ ಇರುತ್ತವೆ. ಅತಿನೇರಳೆ ಬೆಳಕು ಬಿದ್ದ ಕೂಡಲೇ ಫೋಟೋ ಇನಿಶಿಯೇಟರ್ ಒಡೆಯುತ್ತದೆ. ಅದು ಮಾನೋಮರ್‌ಗಳನ್ನು ಒಂದಕ್ಕೊಂದು ಕೊಂಡಿ ಹಾಕುತ್ತಾ ಹೋಗುತ್ತದೆ. ಕ್ಷಣದಲ್ಲಿ ದ್ರವ ಪ್ಲಾಸ್ಟಿಕ್ ಪದರವಾಗುತ್ತದೆ. ಇದನ್ನೇ ಕ್ಯೂರ್ ಆಗುವುದು ಎನ್ನುತ್ತೇವೆ.

ಇದರಿಂದ ಎರಡು ವಿಷಯ ಗೊತ್ತಾಗುತ್ತದೆ. ಒಂದು, ಈ ಇಂಕ್ ಹೆಚ್ಚಿನ ವಸ್ತುಗಳ ಒಳಗೆ ಇಂಗುವುದಿಲ್ಲ, ಮೇಲೆ ಕೂರುತ್ತದೆ. ಹಾಗಾಗಿ ಮೇಲ್ಮೈ ಒಪ್ಪಿಕೊಳ್ಳದಿದ್ದರೆ ಪದರ ಪೂರ್ತಿಯಾಗಿ ಎದ್ದು ಬರುತ್ತದೆ. ಎರಡು, ಇಂಕಿಗೂ ಲ್ಯಾಂಪಿಗೂ ಜೋಡಿ ಸರಿಯಾಗಿರಬೇಕು. ಎಲ್‌ಇಡಿ ಲ್ಯಾಂಪುಗಳು 365, 385, 395 ಅಥವಾ 405 ನ್ಯಾನೊಮೀಟರ್ ಹೀಗೆ ಒಂದು ಕಿರಿದಾದ ಪಟ್ಟಿಯಲ್ಲಿ ಬೆಳಕು ಕೊಡುತ್ತವೆ. ಫ್ಲಾಟ್‌ಬೆಡ್‌ಗಳಲ್ಲಿ 395 ತುಂಬಾ ಬಳಕೆಯಲ್ಲಿದೆ. ಹಳೆಯ ಪಾದರಸದ ಲ್ಯಾಂಪು ಅಗಲವಾದ ಪಟ್ಟಿಯಲ್ಲಿ ಬೆಳಕು ಕೊಡುತ್ತದೆ, ಆದರೆ ಶಾಖ ಜಾಸ್ತಿ, ಬಿಸಿಯಾಗಲು ಸಮಯ ಬೇಕು, ಆಯಸ್ಸು ಸಾಮಾನ್ಯವಾಗಿ ಸುಮಾರು 1,000 ಗಂಟೆ. ಎಲ್‌ಇಡಿ 10,000 ಗಂಟೆಗೂ ಮೇಲೆ ಬರುತ್ತದೆ, ತೆಳು ಪ್ಲಾಸ್ಟಿಕ್ಕನ್ನು ಬಾಗಿಸುವುದೂ ಕಡಿಮೆ. ಪಾದರಸದ ಲ್ಯಾಂಪಿಗೆ ಮಾಡಿದ ಇಂಕನ್ನು ಎಲ್‌ಇಡಿ ಮಷೀನಿಗೆ ಹಾಕಿದರೆ ಸರಿಯಾಗಿ ಕ್ಯೂರ್ ಆಗುವುದಿಲ್ಲ. ಅಗ್ಗಕ್ಕೆ ಸಿಕ್ಕಿತು ಎಂದು ಬೇರೆ ಇಂಕ್ ಹಾಕುವ ಮೊದಲು ಇದನ್ನು ಕೇಳಿ.

ಹೆಜ್ಜೆ 1: ಕೋಣೆ

ಉಷ್ಣತೆ 20ರಿಂದ 25 ಡಿಗ್ರಿ ಸೆಲ್ಸಿಯಸ್, ತೇವಾಂಶ 40ರಿಂದ 60 ಶೇಕಡಾ ಇದ್ದರೆ ಹೆಚ್ಚಿನ ಮಷೀನುಗಳಿಗೆ ಸಾಕು. ತೇವಾಂಶ 40ಕ್ಕಿಂತ ಕೆಳಗೆ ಇಳಿದರೆ ಪ್ಲಾಸ್ಟಿಕ್ ಶೀಟ್‌ಗಳಲ್ಲಿ ಸ್ಟ್ಯಾಟಿಕ್ (ಸ್ಥಾಯೀ ವಿದ್ಯುತ್) ಏಳುತ್ತದೆ. ಆಗ ಸಣ್ಣ ಸಣ್ಣ ಇಂಕ್ ಹನಿಗಳು ದಾರಿ ತಪ್ಪಿ ಮಂಜಿನ ಹಾಗೆ ಅಕ್ಷರದ ಅಂಚಿನ ಸುತ್ತ ಹರಡುತ್ತವೆ. ಇದನ್ನು ನಾಝಲ್ (ಇಂಕ್ ಚಿಮ್ಮುವ ಸಣ್ಣ ತೂತು) ಸಮಸ್ಯೆ ಅಂದುಕೊಂಡು ಗಂಟೆಗಟ್ಟಲೆ ಹೆಡ್ (ನಾಝಲ್ ಸಾಲುಗಳಿರುವ ಭಾಗ) ಕ್ಲೀನ್ ಮಾಡಿದವರನ್ನು ನೋಡಿದ್ದೇನೆ. ಅಕ್ರಿಲಿಕ್ ಮೇಲಿನ ರಕ್ಷಣಾ ಫಿಲ್ಮ್ ಕಿತ್ತಾಗ ಸ್ಟ್ಯಾಟಿಕ್ ಅತಿ ಜಾಸ್ತಿ. ಮಷೀನಿನಲ್ಲಿ ಸ್ಟ್ಯಾಟಿಕ್ ಇಳಿಸುವ ಅಯಾನೈಸರ್ ಬಾರ್ ಇದ್ದರೆ ಆನ್ ಮಾಡಿ. ಇಲ್ಲದಿದ್ದರೆ ಕೈಯಲ್ಲಿ ಹಿಡಿಯುವ ಅಯಾನ್ ಗನ್ ಸಿಗುತ್ತದೆ.

ಕಿಟಕಿಯ ಬಿಸಿಲು ಮಷೀನಿನ ಮೇಲೆ ಬೀಳಬಾರದು. ಬಿಸಿಲಿನಲ್ಲೂ ಯುವಿ ಇದೆ, ಅದು ಹೆಡ್ಡಿನ ತುದಿಯಲ್ಲಿರುವ ಇಂಕನ್ನು ನಿಧಾನವಾಗಿ ಗಟ್ಟಿ ಮಾಡುತ್ತದೆ.

ಹೆಜ್ಜೆ 2: ಮೇಲ್ಮೈಯನ್ನು ಅರಿಯುವುದು

ಇಲ್ಲಿ ನಿಧಾನವಾಗಿ ಹೋಗೋಣ. ನನ್ನ ಅನುಭವದಲ್ಲಿ ವಾಪಸ್ ಬರುವ ಜಾಬ್‌ಗಳಲ್ಲಿ ಹೆಚ್ಚಿನವು ಇಲ್ಲೇ ಕೆಟ್ಟಿರುತ್ತವೆ.

ಕೆಸುವಿನ ಎಲೆಯ ಮೇಲೆ ನೀರು ಮುತ್ತಾಗಿ ಉರುಳುತ್ತದೆ ಅಲ್ವಾ? ಮೇಲ್ಮೈ ನೀರನ್ನು ತನ್ನ ಮೇಲೆ ಹರಡಲು ಬಿಡುವುದಿಲ್ಲ. ಕೆಲವು ಪ್ಲಾಸ್ಟಿಕ್‌ಗಳು ಇಂಕಿಗೂ ಹಾಗೇ ಮಾಡುತ್ತವೆ. ಈ ಗುಣವನ್ನು ಡೈನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಪಾಲಿಪ್ರೊಪಿಲೀನ್, ಪಾಲಿಥಿಲೀನ್ ಸುಮಾರು 30 ಡೈನ್. ಅಕ್ರಿಲಿಕ್ ಸುಮಾರು 38ರಿಂದ 40. ಪಾಲಿಕಾರ್ಬೊನೇಟ್, ಪೆಟ್ 40ಕ್ಕಿಂತ ಮೇಲೆ. ಟೆಫ್ಲಾನ್ 20ರ ಆಸುಪಾಸು, ಅದರ ಮೇಲೆ ನೇರವಾಗಿ ಪ್ರಿಂಟ್ ಮಾಡುವ ಆಸೆಯನ್ನೇ ಬಿಡಿ. ಯುವಿ ಇಂಕ್ ಚೆನ್ನಾಗಿ ಹಿಡಿಯಬೇಕಾದರೆ ಮೇಲ್ಮೈ 38ರಿಂದ 40 ಡೈನ್‌ಗೆ ಮೇಲಿರುವುದು ಒಳ್ಳೆಯದು.

ಇದನ್ನು ಅಳೆಯಲು ಡೈನ್ ಪೆನ್ ಸಿಗುತ್ತದೆ. ದುಬಾರಿ ಉಪಕರಣ ಏನಲ್ಲ. 38ರ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಗೆರೆ 2 ಸೆಕೆಂಡ್ ಹಾಗೇ ಉಳಿದರೆ ಮೇಲ್ಮೈ 38 ಅಥವಾ ಅದಕ್ಕಿಂತ ಜಾಸ್ತಿ ಇದೆ. ಮುದುಡಿ ಹನಿಹನಿಯಾದರೆ ಕಡಿಮೆ ಇದೆ. ಪೆನ್ ಎಳೆದ ಜಾಗದಲ್ಲಿ ಪ್ರಿಂಟ್ ಮಾಡಬೇಡಿ, ಮೂಲೆಯಲ್ಲಿ ಪರೀಕ್ಷಿಸಿ.

ಒಂದು ಮಾತು ನೆನಪಿರಲಿ. ಹೆಸರು ಒಂದೇ ಆದರೂ ವಸ್ತು ಒಂದೇ ಅಲ್ಲ. ಎರಕ ಹೊಯ್ದ ಅಕ್ರಿಲಿಕ್ಕಿಗೂ ಎಕ್ಸ್‌ಟ್ರೂಡ್ ಅಕ್ರಿಲಿಕ್ಕಿಗೂ ಇಂಕ್ ಒಂದೇ ಥರ ಹಿಡಿಯುವುದಿಲ್ಲ. ಅದೇ ಸಪ್ಲೈಯರ್ ಕೊಟ್ಟ ಹೊಸ ಲಾಟ್ ಕೂಡ ಬೇರೆ ಥರ ವರ್ತಿಸಬಹುದು. ಲಾಟ್ ಬದಲಾದಾಗಲೆಲ್ಲ ಪೆನ್ ಹೊರಗೆ ಬರಲಿ.

ಒರೆಸುವುದಕ್ಕೂ ಕ್ರಮ ಇದೆ. ನೂಲು ಬಿಡದ ಬಟ್ಟೆ, ಐಸೊಪ್ರೊಪೈಲ್ ಆಲ್ಕೊಹಾಲ್, ಕೈಗೆ ಗ್ಲೌಸ್. ಒಂದೇ ದಿಕ್ಕಿನಲ್ಲಿ ಎಳೆಯಿರಿ, ವೃತ್ತಾಕಾರದಲ್ಲಿ ತಿಕ್ಕಿದರೆ ಕೊಳೆ ಅಲ್ಲಲ್ಲೇ ಸುತ್ತುತ್ತದೆ. ಬಟ್ಟೆಯ ಮಗ್ಗುಲು ಬದಲಿಸುತ್ತಾ ಹೋಗಿ. ಪೂರ್ತಿ ಆರಿದ ಮೇಲೆ ಪ್ರಿಂಟ್ ಮಾಡಿ. ಲೇಸರ್‌ನಲ್ಲಿ ಕತ್ತರಿಸಿದ ಅಕ್ರಿಲಿಕ್ಕಿನ ಅಂಚಿಗೆ ಮಾತ್ರ ಆಲ್ಕೊಹಾಲ್ ತಾಗಿಸಬೇಡಿ. ಕೂದಲೆಳೆಯಂಥ ಬಿರುಕುಗಳು ಅಂಚಿನಿಂದ ಒಳಗೆ ಓಡುತ್ತವೆ.

ಡೈನ್ ಕಡಿಮೆ ಇದ್ದರೆ ದಾರಿ ಎರಡು. ಒಂದು, ಜ್ವಾಲೆ, ಕರೋನಾ (ಹೆಚ್ಚು ವೋಲ್ಟೇಜಿನ ವಿದ್ಯುತ್ ವಿಸರ್ಜನೆ) ಅಥವಾ ಪ್ಲಾಸ್ಮಾ (ವಿದ್ಯುದಾವೇಶದ ಅನಿಲ) ಹಾಯಿಸಿ ಮೇಲ್ಮೈಯನ್ನೇ ಬದಲಿಸುವುದು. ಇದರ ಪರಿಣಾಮ ದಿನ ಕಳೆದಂತೆ ಇಳಿಯುತ್ತದೆ. ಆದ್ದರಿಂದ ಹಾಯಿಸಿದ ದಿನವೇ ಪ್ರಿಂಟ್ ಮುಗಿಸಿ. ಇನ್ನೊಂದು, ಪ್ರೈಮರ್, ಅಂದರೆ ಇಂಕ್ ಹಿಡಿಯಲೆಂದು ಮೊದಲು ಹಚ್ಚುವ ದ್ರವ. ಗಾಜಿಗೆ ಬೇರೆ, ಲೋಹಕ್ಕೆ ಬೇರೆ, ಪಾಲಿಪ್ರೊಪಿಲೀನ್‌ಗೆ ಬೇರೆ ಪ್ರೈಮರ್ ಇರುತ್ತದೆ. ದಪ್ಪ ಹಚ್ಚಿದರೆ ಗಟ್ಟಿಯಾಗಿ ಹಿಡಿಯುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ದಪ್ಪ ಪ್ರೈಮರ್ ತಾನೇ ಒಂದು ಸಡಿಲ ಪದರವಾಗಿ ಇಂಕನ್ನೂ ಕಟ್ಟಿಕೊಂಡು ಏಳುತ್ತದೆ. ತೆಳುವಾಗಿ, ಸಮವಾಗಿ ಒರೆಸಿದರೆ ಸಾಕು.

ಹೆಜ್ಜೆ 3: ಗೀರು ಪರೀಕ್ಷೆ

ಹೊಸ ವಸ್ತು ಬಂದರೆ ಅಂಗೈಯಗಲದ ಒಂದು ತುಂಡಿನ ಮೇಲೆ ನಾಲ್ಕು ಬಣ್ಣ, ಬಿಳಿ, ಬಿಳಿಯ ಮೇಲೆ ಬಣ್ಣ, ಎಲ್ಲವನ್ನೂ ಪ್ರಿಂಟ್ ಮಾಡಿ. ನಂತರ 24 ಗಂಟೆ ಬಿಡಿ. ಲ್ಯಾಂಪ್ ದಾಟಿದ ಮೇಲೂ ಕ್ಯೂರ್ ಒಳಗೊಳಗೇ ಸ್ವಲ್ಪ ಮುಂದುವರಿಯುತ್ತದೆ. ಕೂಡಲೇ ಕೆರೆದು ತೀರ್ಮಾನ ಹೇಳುವುದು ಸರಿಯಲ್ಲ.

ಹರಿತವಾದ ಬ್ಲೇಡಿನಿಂದ 6 ಗೆರೆ ಅಡ್ಡ, 6 ಗೆರೆ ಉದ್ದ ಗೀರಿ. 25 ಚೌಕ ಆಗುತ್ತದೆ. ಗಟ್ಟಿ ವಸ್ತುವಿಗೆ ಗೆರೆಗಳ ನಡುವೆ 1 ಮಿ.ಮೀ., ಮೆದು ವಸ್ತುವಿಗೆ 2 ಮಿ.ಮೀ. ಮೇಲೆ ಟೇಪ್ ಒತ್ತಿ ಹಚ್ಚಿ ಎಳೆಯಿರಿ. ಇದು ಐಎಸ್‌ಒ 2409 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುವ ವಿಧಾನ. ಅದರಲ್ಲಿ 0 ಎಂದರೆ ಒಂದು ಚೂರೂ ಏಳಲಿಲ್ಲ, 5 ಎಂದರೆ ತೀರಾ ಕೆಟ್ಟದ್ದು. ಎಎಸ್‌ಟಿಎಂ ಡಿ3359 ಎಂಬ ಅಮೆರಿಕದ ಮಾನದಂಡದಲ್ಲಿ ಇದು ಉಲ್ಟಾ. ಅಲ್ಲಿ 5ಬಿ ಅತ್ಯುತ್ತಮ, 0ಬಿ ಅತಿ ಕೆಟ್ಟದ್ದು. ಕೈಗಾರಿಕೆಯ ಗ್ರಾಹಕರು ಸುಮ್ನೆ '5 ಬೇಕು' ಎಂದರೆ ಯಾವ ಮಾನದಂಡ ಎಂದು ಬರೆಸಿಕೊಳ್ಳಿ.

ಫಲಿತಾಂಶವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ವಸ್ತು, ಲಾಟ್, ಡೈನ್, ಪ್ರೈಮರ್, ಲ್ಯಾಂಪ್ ಶಕ್ತಿ, ಗೀರಿನ ಫಲ. ಪರೀಕ್ಷೆಯ ತುಂಡನ್ನೂ ಅದರ ಜೊತೆಗೇ ಅಂಟಿಸಿ. ನಮ್ಮಲ್ಲಿ ಯಾರಾದರೂ ಹೊಸ ಆಪರೇಟರ್ ಬಂದರೆ ಮಷೀನಿಗಿಂತ ಮೊದಲು ಈ ಪುಸ್ತಕ ತೋರಿಸುತ್ತೇನೆ.

ಹೆಜ್ಜೆ 4: ಬೆಡ್, ವ್ಯಾಕ್ಯೂಮ್, ಎತ್ತರ

ಹೆಡ್ಡಿಗೂ ಶೀಟಿಗೂ ನಡುವೆ ಸಾಮಾನ್ಯವಾಗಿ 1.5ರಿಂದ 2 ಮಿ.ಮೀ. ಅಂತರ ಇರುತ್ತದೆ. ಹನಿ ಎಷ್ಟು ಸಣ್ಣದು ಎಂದರೆ ಅದನ್ನು ಪಿಕೊಲೀಟರ್‌ನಲ್ಲಿ ಅಳೆಯುತ್ತಾರೆ. ಅಂತರ ಹೆಚ್ಚಿದಷ್ಟೂ ಅದು ಗಾಳಿಯಲ್ಲಿ ಅಲೆಯುತ್ತದೆ, ಸಣ್ಣ ಅಕ್ಷರ ಮಸುಕಾಗುತ್ತದೆ. ಅಂತರ ಕಡಿಮೆಯಾದರೆ ಹೆಡ್ ಶೀಟಿಗೆ ತಾಗುವ ಅಪಾಯ. ಒಂದು ಸಲ ಹೆಡ್ ಗಟ್ಟಿಯಾಗಿ ತಾಗಿದರೆ ಅದನ್ನೇ ಬದಲಾಯಿಸಬೇಕಾಗಬಹುದು.

ದಪ್ಪವನ್ನು ಕ್ಯಾಲಿಪರ್‌ನಿಂದ ಅಳೆಯಿರಿ, ಪ್ಯಾಕೆಟ್ ಮೇಲೆ ಬರೆದ ಸಂಖ್ಯೆ ನಂಬಬೇಡಿ. ನಾಲ್ಕು ಮೂಲೆ ಮತ್ತು ನಡುವೆ ಅಳೆದು ಅತಿ ಎತ್ತರದ ಜಾಗದ ಅಳತೆಯನ್ನು ಮಷೀನಿಗೆ ಕೊಡಿ. ಸರಾಸರಿ ಕೊಟ್ಟರೆ ಎತ್ತರದ ಮೂಲೆಗೆ ಹೆಡ್ ತಾಗುತ್ತದೆ.

ಗಾಳಿ ಎಳೆದು ಶೀಟನ್ನು ಬೆಡ್ಡಿಗೆ ಹಿಡಿದಿಡುವ ವ್ಯಾಕ್ಯೂಮ್ ತೂತುಗಳಲ್ಲಿ ಶೀಟ್ ಮುಚ್ಚದವನ್ನು ಟೇಪ್ ಅಥವಾ ತೆಳು ಹಾಳೆಯಿಂದ ಮುಚ್ಚಿ. ಇಲ್ಲದಿದ್ದರೆ ಹಿಡಿತ ಸಡಿಲವಾಗುತ್ತದೆ. ಬಾಗಿದ ಶೀಟಿನ ಅಂಚನ್ನು ತೆಳು ಟೇಪಿನಿಂದ ಬೆಡ್ಡಿಗೆ ಅಂಟಿಸಿ. ಟೇಪಿನ ದಪ್ಪವನ್ನೂ ಎತ್ತರಕ್ಕೆ ಸೇರಿಸಿ. ಪೆನ್, ಕೀಚೈನ್, ಮೊಬೈಲ್ ಕವರ್ ಥರದ ಸಣ್ಣ ವಸ್ತುಗಳಿಗೆ ಜಿಗ್ (ಅವನ್ನು ಒಂದೇ ಜಾಗದಲ್ಲಿ ಹಿಡಿದಿಡುವ ಚೌಕಟ್ಟು) ಮಾಡಿಕೊಳ್ಳಿ. ಬೆಡ್ ಮೇಲೆ ಜಿಗ್ಗಿನ ಗೆರೆಯನ್ನೇ ಒಮ್ಮೆ ಪ್ರಿಂಟ್ ಮಾಡಿ ಅದಕ್ಕೆ ಹೊಂದಿಸಿದರೆ ಸ್ಥಾನ ತಪ್ಪುವುದಿಲ್ಲ.

ಕನ್ನಡಿಯಂಥ ಲೋಹ ಅಥವಾ ಮಿರರ್ ಅಕ್ರಿಲಿಕ್ ಇದ್ದರೆ ಇನ್ನೂ ಒಂದು ಎಚ್ಚರ. ಲ್ಯಾಂಪಿನ ಬೆಳಕು ಪ್ರತಿಫಲಿಸಿ ಹೆಡ್ಡಿನ ಕೆಳಭಾಗಕ್ಕೆ ತಿರುಗಿ ಬರುತ್ತದೆ. ನಾಝಲ್ ಬಾಯಲ್ಲಿರುವ ಇಂಕ್ ಅಲ್ಲೇ ಗಟ್ಟಿಯಾಗುತ್ತದೆ. ಹೀಗೆ ಮುಚ್ಚಿದ ನಾಝಲ್ ಮತ್ತೆ ತೆರೆಯುವುದು ಕಷ್ಟ. ಲ್ಯಾಂಪ್ ಶಕ್ತಿ ಇಳಿಸಿ, ಖಾಲಿ ಬಿಟ್ಟ ಹೊಳೆಯುವ ಜಾಗಗಳಿಗೆ ಮ್ಯಾಟ್ ಕಾಗದ ಹಾಕಿ, ಜಾಬ್ ನಡುವೆ ನಿಲ್ಲಿಸಿ ನಾಝಲ್ ಚೆಕ್ ಮಾಡುತ್ತಾ ಹೋಗಿ.

ಹೆಜ್ಜೆ 5: ನಾಝಲ್ ಮತ್ತು ಬಿಳಿ ಇಂಕ್

ದಿನದ ಮೊದಲ ಕೆಲಸ ನಾಝಲ್ ಚೆಕ್, ಅಂದರೆ ಗೆರೆಗಳನ್ನು ಮುದ್ರಿಸಿ ಎಲ್ಲ ನಾಝಲ್ ಇಂಕ್ ಬಿಡುತ್ತಿದೆಯೇ ಎಂದು ನೋಡುವುದು. ಗೆರೆಗಳಲ್ಲಿ ಬಿಟ್ಟುಹೋದದ್ದು ಒಂದೆರಡು ಇದ್ದರೆ ಪರ್ಜ್ ಮಾಡಿ (ಒತ್ತಡದಿಂದ ಸ್ವಲ್ಪ ಇಂಕ್ ಹೊರದೂಡಿ) ಮೆದುವಾಗಿ ಒರೆಸಿ. ಹೆಡ್ಡಿಗೆ ಇಂಕ್ ತಯಾರಕರು ಕೊಡುವ ಫ್ಲಶ್ ಮಾತ್ರ ಬಳಸಿ. ಶೀಟ್ ಒರೆಸುವ ಆಲ್ಕೊಹಾಲ್ ಹೆಡ್ಡಿಗೆ ಬೇಡ.

ಬಿಳಿ ಇಂಕಿನ ಸ್ವಭಾವವೇ ಬೇರೆ. ಅದರಲ್ಲಿರುವುದು ಟೈಟಾನಿಯಂ ಡೈಆಕ್ಸೈಡ್. ಅದರ ಸಾಂದ್ರತೆ ಇಂಕಿನ ದ್ರವದ ಸುಮಾರು ನಾಲ್ಕು ಪಟ್ಟು. ಸುಮ್ನೆ ಬಿಟ್ಟರೆ ತಳಕ್ಕೆ ಕೂರುತ್ತದೆ. ಬಾಟಲಿ, ಟ್ಯೂಬ್, ಹೆಡ್, ಎಲ್ಲೆಡೆ ಕೂರುತ್ತದೆ. ಬಿಳಿ ಇಂಕನ್ನು ಸುತ್ತಿಸುತ್ತಿರುವ ಸರ್ಕ್ಯುಲೇಶನ್ ಪಂಪ್ ರಾತ್ರಿಯೂ ಓಡಲಿ. ಹೊಸ ಬಾಟಲಿಯನ್ನು ಗುಳ್ಳೆ ಏಳದ ಹಾಗೆ ಮಗುಚಿ ಮಗುಚಿ ಕಲಸಿ. ವಾರಕ್ಕೊಮ್ಮೆ ಮಾತ್ರ ಬಿಳಿ ಬೇಕಾಗುವ ಅಂಗಡಿಯಾದರೂ ದಿನವೂ ಸ್ವಲ್ಪ ಬಿಳಿ ಪ್ರಿಂಟ್ ಮಾಡಿ. ವ್ಯರ್ಥ ಅನ್ನಿಸಬಹುದು, ಆದರೆ ಹೆಡ್ಡಿಗೆ ಹೋಲಿಸಿದರೆ ಆ ಇಂಕ್ ಏನೂ ಅಲ್ಲ.

ಹೆಜ್ಜೆ 6: ಫೈಲ್ ಮತ್ತು ಪದರಗಳು

ಬಿಳಿ ಮತ್ತು ವಾರ್ನಿಶ್‌ಗೆ ಪ್ರತ್ಯೇಕ ಸ್ಪಾಟ್ ಬಣ್ಣ (ಫೈಲಿನಲ್ಲಿ ಬೇರೆಯಾಗಿ ಹೆಸರಿಟ್ಟ ಬಣ್ಣ) ಇಟ್ಟು, ರಿಪ್ ಸಾಫ್ಟ್‌ವೇರ್ (ಫೈಲನ್ನು ಮಷೀನಿಗೆ ಅರ್ಥವಾಗುವ ಹನಿಗಳ ಲೆಕ್ಕಕ್ಕೆ ಬದಲಿಸುವ ಸಾಫ್ಟ್‌ವೇರ್) ಗುರುತಿಸುವ ಹೆಸರನ್ನೇ ಕೊಡಿ. ಬಿಳಿಯನ್ನು ಬಣ್ಣಕ್ಕಿಂತ ಒಂದೆರಡು ಪಿಕ್ಸೆಲ್ ಒಳಗೆ ಎಳೆದುಕೊಳ್ಳಿ. ಇಲ್ಲದಿದ್ದರೆ ಅಂಚಿನಲ್ಲಿ ಬಿಳಿ ಗೆರೆ ಇಣುಕುತ್ತದೆ.

ಪದರಗಳ ಕ್ರಮ ನೋಡುವ ದಿಕ್ಕಿನ ಮೇಲೆ ನಿಂತಿದೆ. ಕಪ್ಪು ಶೀಟಿನ ಮೇಲೆ ಮೊದಲು ಬಿಳಿ, ಮೇಲೆ ಬಣ್ಣ. ಪಾರದರ್ಶಕ ಅಕ್ರಿಲಿಕ್ಕಿನ ಹಿಂಬದಿಗೆ ಮುದ್ರಿಸುವುದಾದರೆ ಫೈಲ್ ಕನ್ನಡಿ ಬಿಂಬದಂತೆ ತಿರುಗಬೇಕು, ಮೊದಲು ಬಣ್ಣ, ಮೇಲೆ ಬಿಳಿ. ಹೀಗೆ ಮಾಡಿದರೆ ಪ್ರಿಂಟಿಗೆ ಶೀಟೇ ಗುರಾಣಿ, ಗೀರು ಬೀಳುವ ಭಯವಿಲ್ಲ. ಹಿಂದೆ ಬೆಳಕು ಹಾಕುವ ಬೋರ್ಡಿಗೆ ಬಣ್ಣ, ಬಿಳಿ, ಬಣ್ಣ ಎಂದು ಮೂರು ಪದರ ಹಾಕುತ್ತೇವೆ. ಹಗಲಿನಲ್ಲಿ ಬಿಳಿ ಪದರವು ಬಣ್ಣಕ್ಕೆ ಹಿನ್ನೆಲೆಯಾಗುತ್ತದೆ. ರಾತ್ರಿ ದೀಪ ಹತ್ತಿದಾಗ ಎರಡನೆಯ ಬಣ್ಣದ ಪದರ ಚಿತ್ರ ತೊಳೆದಂತೆ ಕಾಣದ ಹಾಗೆ ನೋಡಿಕೊಳ್ಳುತ್ತದೆ.

ಪ್ರತಿ ವಸ್ತುವಿಗೂ ಪ್ರಿಂಟ್ ಮೋಡಿಗೂ ಬೇರೆ ಐಸಿಸಿ ಪ್ರೊಫೈಲ್ (ಬಣ್ಣ ಸರಿಯಾಗಿ ಬರಲು ಬೇಕಾದ ಮಾಹಿತಿಯ ಫೈಲ್) ಬೇಕು. ಇಂಕ್ ಮಿತಿ ಕಂಡುಕೊಂಡು, ಲೀನಿಯರೈಸೇಶನ್ (ಪ್ರತಿ ಬಣ್ಣ ತಿಳಿಯಿಂದ ಗಾಢಕ್ಕೆ ಸಮವಾಗಿ ಏರುವಂತೆ ಹೊಂದಿಸುವುದು) ಮುಗಿಸಿ, ಕೊನೆಗೆ ಪ್ರೊಫೈಲ್ ಮಾಡಿ. ಇಂಕ್ ಜಾಸ್ತಿ ಹಾಕಿದರೆ ಬಣ್ಣ ಗಾಢವಾಗುತ್ತದೆ ಅನ್ನಿಸಿದರೂ ಪದರ ದಪ್ಪವಾಗಿ ಕತ್ತರಿಸುವಾಗ ಅಂಚು ಚಕ್ಕೆ ಏಳುತ್ತದೆ.

ಹೆಜ್ಜೆ 7: ಪಾಸ್, ದಿಕ್ಕು, ಲ್ಯಾಂಪ್

ಒಂದೇ ಜಾಗದ ಮೇಲೆ ಹೆಡ್ ಒಮ್ಮೆ ಹಾದುಹೋದರೆ ಒಂದು ಪಾಸ್. ಪಾಸ್ ಹೆಚ್ಚಿದರೆ ಗೆರೆ ಕಾಣುವುದು ಕಡಿಮೆ, ಸಮಯ ಜಾಸ್ತಿ. ದೂರದಿಂದ ನೋಡುವ ಬೋರ್ಡಿಗೆ ಕಡಿಮೆ ಪಾಸ್ ಸಾಕು. ಕೈಯಲ್ಲಿ ಹಿಡಿದು ನೋಡುವ ಫಲಕಕ್ಕೆ ಹೆಚ್ಚು ಬೇಕು.

ಗೆರೆ ಗೆರೆಯಾಗಿ ಬರುತ್ತಿದ್ದರೆ ಯಾವ ಥರದ ಗೆರೆ ಎಂದು ನೋಡಿ. ಸಮ ಅಂತರದಲ್ಲಿ ಕಪ್ಪು ಅಥವಾ ಬಿಳಿ ಗೆರೆ ಬಂದರೆ ಸ್ಟೆಪ್ ಕ್ಯಾಲಿಬ್ರೇಶನ್ (ಪ್ರತಿ ಪಾಸಿನ ನಂತರ ಮುಂದೆ ಸರಿಯುವ ಅಳತೆ) ನೋಡಿ. ಒಂದೇ ಬಣ್ಣದಲ್ಲಿ ಮಾತ್ರ ಇದ್ದರೆ ನಾಝಲ್. ಅಕ್ಷರ ಜೋಡಿಯಾಗಿ ಕಂಡರೆ ಎರಡು ದಿಕ್ಕಿನ ಹೊಂದಾಣಿಕೆ ತಪ್ಪಿದೆ. ಶೀಟಿನ ದಪ್ಪ ತಪ್ಪಾಗಿ ಕೊಟ್ಟರೂ ಹೀಗಾಗುತ್ತದೆ. ಬಣ್ಣ ಸರಿಯಿದ್ದು ಹೊಳಪಿನಲ್ಲಿ ಮಾತ್ರ ಪಟ್ಟೆ ಕಂಡರೆ ಅದು ಲ್ಯಾಂಪಿನ ವಿಷಯ. ಹೆಡ್ ಹೋಗುವಾಗ ಮತ್ತು ಬರುವಾಗ ಹನಿ ಬಿದ್ದು ಕ್ಯೂರ್ ಆಗುವ ನಡುವಿನ ಸಮಯ ಬೇರೆ ಬೇರೆ ಇರುತ್ತದೆ. ಒಂದೇ ದಿಕ್ಕಿನಲ್ಲಿ ಪ್ರಿಂಟ್ ಮಾಡಿದರೆ ಇದು ಹೋಗುತ್ತದೆ, ಸಮಯ ಮಾತ್ರ ಹೆಚ್ಚು ಹಿಡಿಯುತ್ತದೆ.

ಹೊಳಪನ್ನು ಬೇಕೆಂದೇ ಆಡಿಸಬಹುದು. ಹನಿ ಬಿದ್ದ ಕೂಡಲೇ ಬೆಳಕು ಕೊಟ್ಟರೆ ಅದು ಉಬ್ಬಿದ ಹಾಗೇ ನಿಂತು ಮ್ಯಾಟ್ ಆಗುತ್ತದೆ. ಸ್ವಲ್ಪ ತಡೆದು ಕೊಟ್ಟರೆ ಹನಿಗಳು ಹರಡಿ ಸೇರಿಕೊಂಡು ಹೊಳೆಯುತ್ತವೆ. ವಾರ್ನಿಶ್ಶನ್ನು ಇದೇ ತಂತ್ರದಿಂದ ಗಾಜಿನಂತೆ ಮಾಡುತ್ತಾರೆ.

ಲ್ಯಾಂಪ್ ಶಕ್ತಿ ಕಡಿಮೆಯಾದರೆ ಮೇಲ್ಮೈ ಜಿಗುಟು, ವಾಸನೆ. ಗಾಳಿಯ ಆಮ್ಲಜನಕ ಮೇಲಿನ ತೆಳು ಪದರ ಗಟ್ಟಿಯಾಗದಂತೆ ತಡೆಯುತ್ತದೆ, ಅದಕ್ಕೇ ಜಿಗುಟು ಮೊದಲು ಮೇಲೆ ಕಾಣುತ್ತದೆ. ಶಕ್ತಿ ಅತಿಯಾದರೆ ಪದರ ಪೆಡಸಾಗಿ ಬಿರುಕು ಬಿಡುತ್ತದೆ, ಮುಂದಿನ ಪದರವೂ ಅದಕ್ಕೆ ಹಿಡಿಯುವುದಿಲ್ಲ. ಹೆಬ್ಬೆರಳಿಟ್ಟು ಒತ್ತಿ ತಿರುಗಿಸಿ. ಗುರುತು ಬಿದ್ದರೆ ಕ್ಯೂರ್ ಸಾಲದು.

ಹೆಜ್ಜೆ 8: ಇಂಕ್ ಎಷ್ಟು ಹೋಯಿತು?

ದರ ಹೇಳಲು ರಿಪ್ ತೋರಿಸುವ ಅಂದಾಜನ್ನು ಮಾತ್ರ ನಂಬಬೇಡಿ. ಯುವಿ ಇಂಕಿನಲ್ಲಿ ಆವಿಯಾಗುವುದು ತೀರಾ ಕಡಿಮೆ, ಬಿದ್ದದ್ದು ಹೆಚ್ಚು ಕಡಿಮೆ ಎಲ್ಲವೂ ಶೀಟಿನ ಮೇಲೆ ಉಳಿಯುತ್ತದೆ. ಆದ್ದರಿಂದ ತಕ್ಕಡಿಯೇ ನಿಮ್ಮ ಮೀಟರ್. ಹಗುರವಾದ 1 ಚದರ ಮೀಟರ್ ಶೀಟನ್ನು ಪ್ರಿಂಟಿಗೆ ಮೊದಲು ಮತ್ತು ಆಮೇಲೆ ತೂಗಿ. ವ್ಯತ್ಯಾಸ 11 ಗ್ರಾಂ ಬಂದಿತು ಎಂದುಕೊಳ್ಳೋಣ. ಇಂಕಿನ ಸಾಂದ್ರತೆ ಮಿ.ಲೀ.ಗೆ 1.1 ಗ್ರಾಂ ಇದ್ದರೆ ಅದು 10 ಮಿ.ಲೀ. ಸಾಂದ್ರತೆ ಇಂಕಿನ ಮಾಹಿತಿ ಪತ್ರದಲ್ಲಿರುತ್ತದೆ. ಇದಕ್ಕೆ ಹೆಡ್ ತೊಳೆಯಲು ಹೋಗುವ ಇಂಕ್, ಹಾಳಾದ ಶೀಟ್, ಪ್ರೈಮರ್ ಹಚ್ಚಿದ ಸಮಯ ಸೇರಿಸಿ. ಬಿಳಿ ಪದರ ಇದ್ದರೆ ಮಷೀನ್ ಸಮಯವೂ ಹೆಚ್ಚುತ್ತದೆ. ಬರೀ ಇಂಕಿನ ಲೆಕ್ಕದಲ್ಲಿ ದರ ಕೊಟ್ಟರೆ ಕಳೆದುಕೊಳ್ಳುವುದು ನೀವೇ.

ಹೆಜ್ಜೆ 9: ಕತ್ತರಿಸುವುದು, ಜೋಡಿಸುವುದು

ಅವಸರ ಇಲ್ಲದಿದ್ದರೆ 24 ಗಂಟೆಯ ನಂತರ ರೌಟರ್‌ಗೆ (ತಿರುಗುವ ಬಿಟ್‌ನಿಂದ ಕತ್ತರಿಸುವ ಮಷೀನಿಗೆ) ಕೊಡಿ. ಪ್ರಿಂಟ್‌ಗಳನ್ನು ಮುಖಕ್ಕೆ ಮುಖ ತಾಗಿಸಿ ಜೋಡಿಸಬೇಡಿ, ನಡುವೆ ಕಾಗದ ಇರಲಿ. ಪಿವಿಸಿ ಫೋಮ್ ಬೋರ್ಡನ್ನು ಯಾವ ಕಾರಣಕ್ಕೂ ಲೇಸರ್‌ನಲ್ಲಿ ಕತ್ತರಿಸಬೇಡಿ. ಹೈಡ್ರೋಜನ್ ಕ್ಲೋರೈಡ್ ಅನಿಲ ಏಳುತ್ತದೆ. ಅದು ಶ್ವಾಸಕ್ಕೂ ಕೆಟ್ಟದ್ದು, ಲೇಸರ್ ಮಷೀನನ್ನೂ ತುಕ್ಕು ಹಿಡಿಸುತ್ತದೆ. ರೌಟರ್ ಅಥವಾ ಬ್ಲೇಡ್ ಬಳಸಿ.

ಮೈಕೈ ಜೋಪಾನ

ಕ್ಯೂರ್ ಆಗದ ಇಂಕ್ ಚರ್ಮಕ್ಕೆ ಅಲರ್ಜಿ ತರಬಲ್ಲದು. ಕೆಲವರಿಗೆ ಮೊದಲು ಏನೂ ಆಗದೆ, ಪದೇ ಪದೇ ತಾಗಿ ಕೊನೆಗೆ ಒಂದು ದಿನ ಶುರುವಾಗುತ್ತದೆ. ಒಮ್ಮೆ ಶುರುವಾದರೆ ಆಮೇಲೆ ಸ್ವಲ್ಪ ತಾಗಿದರೂ ಸಾಕು, ತುರಿಕೆ, ಗುಳ್ಳೆ. ಆದ್ದರಿಂದ ನೈಟ್ರೈಲ್ ಗ್ಲೌಸ್ ಹಾಕಿ, ಇಂಕ್ ತಾಗಿದ ಗ್ಲೌಸನ್ನು ಕೂಡಲೇ ಎಸೆದು ಹೊಸದು ಹಾಕಿ. ಚರ್ಮಕ್ಕೆ ತಾಗಿದರೆ ಸೋಪು ನೀರಿನಿಂದ ತೊಳೆಯಿರಿ, ಸಾಲ್ವೆಂಟ್ ಹಚ್ಚಿ ತಿಕ್ಕಬೇಡಿ. ಲ್ಯಾಂಪಿನ ಬೆಳಕನ್ನು ನೇರವಾಗಿ ನೋಡಬೇಡಿ, ಯುವಿ ತಡೆಯುವ ಕನ್ನಡಕ ಬೇಕು. ಪಾದರಸದ ಲ್ಯಾಂಪ್ ಇದ್ದರೆ ಓಝೋನ್ ಹುಟ್ಟುತ್ತದೆ, ಗಾಳಿ ಹೊರಹೋಗುವ ವ್ಯವಸ್ಥೆ ಕಡ್ಡಾಯ. ಹಳೆ ಇಂಕನ್ನು ಚರಂಡಿಗೆ ಸುರಿಯಬಾರದು. ಅದನ್ನು ಅಪಾಯಕಾರಿ ತ್ಯಾಜ್ಯವಾಗಿ ಪ್ರತ್ಯೇಕ ಕ್ಯಾನಿನಲ್ಲಿ ಕೂಡಿಡಬೇಕು.

ಊಟದ ತಟ್ಟೆಯ ಒಳಭಾಗ, ಲೋಟದ ತುಟಿ ತಾಗುವ ಅಂಚು, ಮಕ್ಕಳು ಬಾಯಿಗೆ ಹಾಕುವ ಆಟಿಕೆ ಇಂಥವನ್ನು ಸಾಮಾನ್ಯ ಯುವಿ ಇಂಕಿನಲ್ಲಿ ಮುದ್ರಿಸಿ ಎಂದು ಯಾರಾದರೂ ಕೇಳಿದರೆ ಒಪ್ಪಬೇಡಿ. ಇಂಕಿನ ಅಂಶಗಳು ಆಹಾರಕ್ಕೆ ಇಳಿಯಬಹುದು.

ಸಂಜೆ ಮಷೀನ್ ಬಿಡುವ ಮುನ್ನ

ನಾಝಲ್ ಚೆಕ್ ಒಮ್ಮೆ ತೆಗೆದು ದಿನಾಂಕ ಹಾಕಿ ಇಡಿ. ಬೆಳಗಿನ ಚೆಕ್ ಜೊತೆ ಹೋಲಿಸಿದರೆ ರಾತ್ರಿ ಯಾವ ನಾಝಲ್ ಹೋಯಿತು ಎಂದು ಗೊತ್ತಾಗುತ್ತದೆ. ಹೆಡ್ ಕೆಳಗಿನ ಲೋಹದ ಅಂಚಿನಲ್ಲಿ, ವೈಪರ್ ಮೇಲೆ, ಲ್ಯಾಂಪಿನ ಗಾಜಿನ ಮೇಲೆ ಇಂಕ್ ಮಂಜು ಕೂತಿರುತ್ತದೆ. ಒರೆಸಿ. ಲ್ಯಾಂಪ್ ಗಾಜು ಮಸುಕಾದರೆ ದಿನದಿಂದ ದಿನಕ್ಕೆ ಕ್ಯೂರ್ ಕಡಿಮೆಯಾಗುತ್ತಾ ಹೋಗುತ್ತದೆ, ಕಾರಣ ಮಾತ್ರ ಬೇಗ ಹೊಳೆಯುವುದಿಲ್ಲ. ಹೆಡ್ಡನ್ನು ಕ್ಯಾಪ್ ಮೇಲೆ ನಿಲ್ಲಿಸಿ, ಮೇಲೆ ಬೆಳಕು ಬೀಳದ ಹಾಗೆ ಮುಚ್ಚಿ. ಬಿಳಿಯ ಸರ್ಕ್ಯುಲೇಶನ್ ಮತ್ತು ಹೆಡ್ಡಿನ ಒತ್ತಡ ಕಾಯುವ ಪಂಪ್ ಓಡುತ್ತಲೇ ಇರಬೇಕಾದ ಮಷೀನಾದರೆ ಮೇನ್ ಸ್ವಿಚ್ ಆರಿಸಬೇಡಿ. ಕೊನೆಯಲ್ಲಿ ಬಾಗಿಲು ಹಾಕುವವರಿಗೆ ಕಾಣುವ ಹಾಗೆ ಆ ಸ್ವಿಚ್ ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ ಒಂದು ಚೀಟಿ ಅಂಟಿಸಿ.